ಮಳೆಗಾಲದ ಸೌದೆಗೆ ಬೇಸಿಗೆಯಲ್ಲಿಯೇ ಸಿದ್ಧತೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮಲೆನಾಡು ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಹುಮಟ್ಟಿಗೆ ಬಿಡುವಿಲ್ಲದೆ ಸುರಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 7000 ಮಿ.ಮೀ.ಗೂ ಹೆಚ್ಚು. ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲು ಸುತ್ತಿನ ಹಳ್ಳಿಗಳಲ್ಲಿಯೂ ಈ ನಾಲ್ಕು ತಿಂಗಳು ಬಿಸಿಲು ಕಾಣುವುದು ಅಪರೂಪ.

ಇಂದು ಹೆಚ್ಚಿನ ಮನೆಗಳಿಗೆ ಅಡಿಗೆ ಅನಿಲ ಬಂದಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ 2025ರ ಜುಲೈ ತಿಂಗಳಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ, ಅದುವರೆಗೆ ಲಾಂಚನ್ನೇ ನಂಬಿದ್ದ ಹೊಳೆಯಾಚೆಯ ಹಳ್ಳಿಗಳಿಗೂ ಸರಕು ಸಾಗಣೆ ಸುಲಭವಾಗಿದೆ. ಹೀಗಿದ್ದರೂ ಬಚ್ಚಲ ಹಂಡೆಗೆ, ದನಕರುಗಳ ಅಕ್ಕಚ್ಚು ಬಿಸಿ ಮಾಡಲು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅಡಿಕೆ ಬೇಯಿಸಲು ಸೌದೆಯೇ ಆಧಾರ. ಇದರಲ್ಲಿ ಒಂದು ತೊಡಕಿದೆ. ಸೌದೆಯ ಅಗತ್ಯ ಹೆಚ್ಚುವುದು ಮಳೆಗಾಲದಲ್ಲಿ ಮತ್ತು ಅದು ಮುಗಿಯುತ್ತಿದ್ದಂತೆ ಬರುವ ಅಡಿಕೆ ಕೊಯ್ಲಿನಲ್ಲಿ. ಸೌದೆ ಒಣಗುವ ಕಾಲವಾದರೋ ಅದಕ್ಕೂ ಮೊದಲೇ ಕಳೆದುಹೋಗಿರುತ್ತದೆ. ಆದ್ದರಿಂದ ಜೂನ್ ನಂತರ ಉರಿಸುವ ಸೌದೆಯನ್ನು ಜನವರಿ, ಫೆಬ್ರವರಿ ತಿಂಗಳುಗಳಲ್ಲಿಯೇ ಸೀಳಿ ಒಟ್ಟಬೇಕು. ಈ ಒಂದು ಕೆಲಸ ತಪ್ಪಿದರೆ ಮುಂದೆ ಯಾವ ಉಪಾಯದಿಂದಲೂ ಅದನ್ನು ಸರಿಪಡಿಸಲಾಗುವುದಿಲ್ಲ.

ಹಸಿ ಸೌದೆಯಿಂದಾಗುವ ನಷ್ಟ

ಆಗ ತಾನೇ ಕಡಿದ ಮರದ ತೂಕದಲ್ಲಿ ಸಾಮಾನ್ಯವಾಗಿ ಶೇ. 40ರಿಂದ 60ರಷ್ಟು ನೀರೇ ಇರುತ್ತದೆ. ಗಾಳಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ನೀರಿನ ಅಂಶ ಶೇ. 20 ಅಥವಾ ಅದಕ್ಕಿಂತ ಕಡಿಮೆ. ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಅರ್ಧದಷ್ಟು ನೀರಿರುವ 10 ಕಿ.ಗ್ರಾಂ ಹಸಿ ಸೌದೆಯಲ್ಲಿ ನಿಜವಾದ ಮರ 5 ಕಿ.ಗ್ರಾಂ, ನೀರು 5 ಕಿ.ಗ್ರಾಂ. ಒಂದು ಕಿ.ಗ್ರಾಂ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 600 ಕಿಲೊ ಕ್ಯಾಲರಿ ಶಾಖ ಬೇಕು. ಪೂರ್ತಿ ಒಣಗಿದ ಒಂದು ಕಿ.ಗ್ರಾಂ ಮರ ಉರಿದಾಗ ಸಿಗುವುದು ಸುಮಾರು 4400 ಕಿಲೊ ಕ್ಯಾಲರಿ. ಅಂದರೆ ಈ ಸೌದೆಯಿಂದ ಹುಟ್ಟುವ 22000 ಕಿಲೊ ಕ್ಯಾಲರಿಯಲ್ಲಿ 3000ದಷ್ಟು ಸೌದೆಯೊಳಗಿನ ನೀರನ್ನು ಓಡಿಸುವುದಕ್ಕೇ ವ್ಯಯವಾಗುತ್ತದೆ. ಅದೇ ಸೌದೆಯನ್ನು ನೀರಿನ ಅಂಶ ಶೇ. 20ಕ್ಕೆ ಇಳಿಯುವಂತೆ ಒಣಗಿಸಿದರೆ ಅದರ ತೂಕ ಆರೂಕಾಲು ಕಿ.ಗ್ರಾಂ ಆಗುತ್ತದೆ, ನೀರಿಗೆ ವ್ಯಯವಾಗುವ ಶಾಖ 750 ಕಿಲೊ ಕ್ಯಾಲರಿಗೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಹೊಗೆಯಿಂದ ಆಗುತ್ತದೆ. ಮರ ಬಿಸಿಯಾದಾಗ ಅದರಿಂದ ಉರಿಯುವ ಅನಿಲಗಳು ಹೊರಬರುತ್ತವೆ. ಒಲೆಯಲ್ಲಿ ಸಾಕಷ್ಟು ಶಾಖವಿದ್ದರೆ ಈ ಅನಿಲಗಳಿಗೆ ಬೆಂಕಿ ಹತ್ತಿ ಜ್ವಾಲೆಯಾಗುತ್ತದೆ. ಹಸಿ ಸೌದೆಯಿಂದ ಏಳುವ ಆವಿ ಒಲೆಯನ್ನು ತಣಿಸುವುದರಿಂದ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಹೊಗೆ ಎಂದರೆ ಉರಿಯದೆ ಹೋದ ಸೌದೆಯೇ. ಹಂಡೆಯ ತಳಕ್ಕೆ ಹಿಡಿಯುವ ಕಪ್ಪು ಅಂಟು, ಮಾಡಿನಿಂದ ಜೋಲುವ ಇಲ್ಲಣ, ಹೊಗೆ ಕೊಳವೆಯಲ್ಲಿ ಕಟ್ಟುವ ಮಸಿ ಇವೆಲ್ಲವೂ ಹೀಗೆ ವ್ಯರ್ಥವಾದ ಸೌದೆಯ ಗುರುತುಗಳು.

ಈ ಹೊಗೆಯ ಭಾರ ಬೀಳುವುದು ಒಲೆಯ ಮುಂದೆ ಕೂರುವ ಹೆಂಗಸರ ಮೇಲೆ ಮತ್ತು ಅವರ ಬಳಿಯಿರುವ ಮಕ್ಕಳ ಮೇಲೆ. ಸೌದೆ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವರ್ಷಗಟ್ಟಲೆ ಇಂಥ ಹೊಗೆ ಸೇವಿಸಿದವರಲ್ಲಿ ದೀರ್ಘಕಾಲದ ಕೆಮ್ಮು, ದಮ್ಮು ಮತ್ತು ಕಣ್ಣಿನ ತೊಂದರೆಗಳು ಹೆಚ್ಚು. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿರುವುದರಿಂದ ಅಪಾಯ ಇನ್ನೂ ಹೆಚ್ಚುತ್ತದೆ.

ಸೌದೆಯನ್ನು ತೂಕದ ಮೇಲೆ ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. 10 ಕಿ.ಗ್ರಾಂ ಒಣ ಸೌದೆಯಲ್ಲಿ ಮರ 8 ಕಿ.ಗ್ರಾಂ ಇದ್ದರೆ, 10 ಕಿ.ಗ್ರಾಂ ಹಸಿ ಸೌದೆಯಲ್ಲಿ ಇರುವುದು 5 ಕಿ.ಗ್ರಾಂ ಮಾತ್ರ. ಆದ್ದರಿಂದ ಒಣ ಸೌದೆಗೆ ಎಂಟು ರೂಪಾಯಿ ಕೊಡುವಲ್ಲಿ ಹಸಿ ಸೌದೆಗೆ ಐದು ರೂಪಾಯಿಗಿಂತ ಹೆಚ್ಚು ಕೊಡುವುದು ನಷ್ಟದ ವ್ಯಾಪಾರ.

ಮರದೊಳಗಿನ ನೀರು ಹೊರಬರುವ ಬಗೆ

ಮರದ ಒಳಗೆ ಉದ್ದುದ್ದನೆಯ ಸೂಕ್ಷ್ಮ ಕೊಳವೆಗಳಿವೆ. ಜೀವಂತ ಮರ ಬೇರಿನಿಂದ ಎಲೆಗೆ ನೀರು ಸಾಗಿಸುವುದು ಇವುಗಳ ಮೂಲಕವೇ. ಕಡಿದ ಮೇಲೆ ಮೊದಲು ಕೊಳವೆಗಳೊಳಗಿನ ನೀರು, ಆಮೇಲೆ ಕೊಳವೆಗಳ ಗೋಡೆಯಲ್ಲಿ ಸೇರಿಕೊಂಡಿರುವ ನೀರು ಹೋಗುತ್ತದೆ. ಮೊದಲನೆಯದು ಬೇಗ ಹೋಗುತ್ತದೆ, ಎರಡನೆಯದು ನಿಧಾನ. ಗೋಡೆಯ ನೀರು ಹೋಗತೊಡಗಿದಾಗ ಮರ ಕುಗ್ಗಿ, ತುಂಡಿನ ತುದಿಗಳಲ್ಲಿ ಬಿರುಕು ಕಾಣುತ್ತದೆ.

ನೀರು ಎಳೆಯ ಉದ್ದಕ್ಕೆ ಸಾಗುವ ವೇಗ ಅಡ್ಡಕ್ಕೆ ಸಾಗುವ ವೇಗದ ಹತ್ತು ಪಟ್ಟಿಗೂ ಹೆಚ್ಚು. ತೊಗಟೆಯ ಮೂಲಕವಂತೂ ನೀರು ಬಹಳ ಕಡಿಮೆ ಹೊರಬರುತ್ತದೆ. ಆದ್ದರಿಂದ ತೊಗಟೆ ಸಮೇತ ಇಡಿಯಾಗಿ ಬಿದ್ದಿರುವ ದಿಮ್ಮಿ ಎರಡು ಬೇಸಿಗೆ ಕಳೆದರೂ ಒಳಗೆ ಹಸಿಯಾಗಿಯೇ ಇರಬಹುದು. ಅದೇ ದಿಮ್ಮಿಯನ್ನು ಗಿಡ್ಡ ತುಂಡು ಮಾಡಿ ಸೀಳಿದರೆ ಒಂದೇ ಬೇಸಿಗೆಯಲ್ಲಿ ಒಣಗುತ್ತದೆ.

ಇನ್ನೊಂದು ಅಂಶವನ್ನೂ ರೈತರು ತಿಳಿದಿರಬೇಕು. ಮರದ ತೇವ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ತೆಳ್ಳನೆಯ ಸೀಳುಗಳ ನೀರಿನ ಅಂಶ ಶೇ. 10ರ ಸಮೀಪಕ್ಕೆ ಇಳಿಯಬಲ್ಲದು. ಆಷಾಢದ ಗಾಳಿಯಲ್ಲಿ ತೇವ ಶೇ. 90ಕ್ಕೂ ಮೇಲಿರುವಾಗ, ಅದೇ ಸೌದೆ ಮಾಡಿನ ಅಡಿಯಲ್ಲಿದ್ದರೂ ಶೇ. 17ರಿಂದ 20ರವರೆಗೆ ತೇವ ಹೀರುತ್ತದೆ. ಅದಕ್ಕಿಂತ ಹೆಚ್ಚು ಹೀರುವುದಿಲ್ಲ. ಹೀಗಾಗಿ ಬೇಸಿಗೆಯಲ್ಲಿ ಒಣಗಿದ ಸೌದೆ ಮಳೆನೀರು ತಾಗದಂತೆ ಇದ್ದರೆ ಇಡೀ ಮಳೆಗಾಲ ಚೆನ್ನಾಗಿ ಉರಿಯುತ್ತದೆ. ಆದರೆ ಹಸಿಯಾಗಿ ಕೊಟ್ಟಿಗೆ ಸೇರಿದ ಸೌದೆ ಅಂಥ ಗಾಳಿಯಲ್ಲಿ ಒಣಗಲಾರದು. ಅದಕ್ಕೆ ಬೂಷ್ಟು ಹಿಡಿಯುತ್ತದೆ, ಅಣಬೆ ಏಳುತ್ತದೆ, ಮರ ಕೊಳೆತು ತೂಕ ಕಳೆದುಕೊಳ್ಳುತ್ತದೆ. ಕೊಟ್ಟಿಗೆಯ ಮಾಡು ಒಣ ಸೌದೆಯನ್ನು ಕಾಯುತ್ತದೆಯೇ ಹೊರತು ಹಸಿ ಸೌದೆಯನ್ನು ಒಣಗಿಸುವುದಿಲ್ಲ.

ಸೌದೆಗೆ ತಕ್ಕ ಮರಗಳು

ಒಂದೇ ಪ್ರಮಾಣದಲ್ಲಿ ಒಣಗಿದ ಎಲ್ಲ ಜಾತಿಯ ಮರಗಳೂ ಕಿ.ಗ್ರಾಂಗೆ ಹೆಚ್ಚು ಕಡಿಮೆ ಒಂದೇ ಶಾಖ ಕೊಡುತ್ತವೆ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಜಂಬೆ, ಮತ್ತಿ, ಹುಣಾಲು, ಅಕೇಶಿಯಾ ಮುಂತಾದ ಗಟ್ಟಿ ಮರಗಳ ಸೌದೆ ಕಡಿಮೆ ಜಾಗ ಹಿಡಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಒಣಗಲು ಹೆಚ್ಚು ಕಾಲ ಬೇಕು. ಹಾಲುವಾಣ, ಬೂರುಗದಂಥ ಮೆದು ಮರಗಳು ಬೇಗ ಒಣಗಿ ಬೇಗ ಉರಿದು ಹೋಗುತ್ತವೆ. ಅಡಿಕೆ ಬೇಯಿಸಲು ಗಟ್ಟಿ ಸೌದೆ, ಒಲೆ ಹೊತ್ತಿಸಲು ಮೆದು ಸೌದೆ ಎಂದು ಬೇರೆ ಬೇರೆಯಾಗಿ ಒಟ್ಟುವುದು ಅನುಕೂಲ. ಹೊಳಗೇರು ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುವುದರಿಂದ ಅದನ್ನು ಸೌದೆಗೆ ಬಳಸದಿರುವುದೇ ಕ್ಷೇಮ.

ಕಾಡಿನ ಮೇಲಿನ ಹೊರೆ ಇಳಿಸಲು ತೋಟದಲ್ಲಿ ಸಿಗುವ ಉರುವಲನ್ನು ಮೊದಲು ಬಳಸಬೇಕು. ಒಣಗಿದ ಅಡಿಕೆ ಸಿಪ್ಪೆ, ಸೋಗೆಯ ದಂಟು, ತೆಂಗಿನ ಮಟ್ಟೆ ಮತ್ತು ಕರಟ, ಬೇಲಿಯ ಗ್ಲಿರಿಸಿಡಿಯ ರೆಂಬೆ, ಕಾಫಿ ಮತ್ತು ಮೆಣಸಿನ ನೆರಳು ಮರಗಳನ್ನು ಸವರಿದಾಗ ಸಿಗುವ ಕೊಂಬೆ ಇವೆಲ್ಲ ಬಚ್ಚಲ ಒಲೆಗೆ ಸಾಕಾಗುತ್ತವೆ. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯ ಕಛೇರಿಯಲ್ಲಿ ವಿಚಾರಿಸತಕ್ಕದ್ದು.

ಕಡಿಯುವ ಮತ್ತು ಸೀಳುವ ಕಾಲ

ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಸೌದೆ ಕಡಿಯಲು ಸೂಕ್ತ ಕಾಲ. ಕಡಿದ ರೆಂಬೆಗಳನ್ನು ಸೊಪ್ಪು ಸಮೇತ ಹತ್ತು ಹದಿನೈದು ದಿನ ಹಾಗೆಯೇ ಬಿಟ್ಟರೆ ಎಲೆಗಳು ಬಾಡುವ ಮುನ್ನ ಮರದಿಂದ ಒಂದಷ್ಟು ನೀರನ್ನು ಎಳೆದು ಆವಿ ಮಾಡುತ್ತವೆ. ಆಮೇಲೆ ಸೊಪ್ಪನ್ನು ಗೊಬ್ಬರಕ್ಕೆ ಬಳಸಬಹುದು.

ಅಡಿಕೆ ಕೊಯ್ಲಿನ ಕೆಲಸ ಇಳಿಯುವ ಹೊತ್ತಿಗೆ ಆಳುಗಳು ಸಿಗುತ್ತಾರೆ. ಶಿವರಾತ್ರಿಯೊಳಗೆ ಸೀಳುವ ಕೆಲಸ ಮುಗಿಯಬೇಕು. ಸೀಳುವುದನ್ನು ಮುಂದೆ ಹಾಕಬಾರದು. ಹೆಚ್ಚಿನ ಮರಗಳನ್ನು ಹಸಿಯಿರುವಾಗ ಸೀಳುವುದೇ ಸುಲಭ. ಒಣಗಿದ ಮೇಲೆ ಜಂಬೆ, ಮತ್ತಿಗಳು ಕೊಡಲಿಗೆ ಬಗ್ಗುವುದಿಲ್ಲ. ತುಂಡುಗಳು ಒಂದೂವರೆ ಅಡಿಯಿಂದ ಎರಡು ಅಡಿ ಉದ್ದವಿದ್ದರೆ ಸಾಕು. ಮುಂಗೈ ದಪ್ಪಕ್ಕಿಂತ ದೊಡ್ಡದಾದ ಎಲ್ಲವನ್ನೂ ಒಂದು ಸಲವಾದರೂ ಸೀಳಬೇಕು. ಮನೆ ಬಳಕೆಗೆ ಎರಡರಿಂದ ಮೂರು ಅಂಗುಲ, ಅಡಿಕೆ ಒಲೆಗೆ ನಾಲ್ಕರಿಂದ ಐದು ಅಂಗುಲ ದಪ್ಪದ ಸೀಳುಗಳು ಸರಿಯಾಗುತ್ತವೆ. ಸೀಳಲಾಗದ ಗಂಟುಗಳನ್ನು ಬೇರೆ ಇಟ್ಟು ಎರಡನೆಯ ವರ್ಷ ಬಳಸಬೇಕು.

ಒಟ್ಟುವ ಕ್ರಮ

ಸೌದೆಯನ್ನು ಒಣಗಿಸುವುದರಲ್ಲಿ ಬಿಸಿಲಿನಷ್ಟೇ ಪಾತ್ರ ಗಾಳಿಗೂ ಇದೆ. ರಾಶಿ ಹಾಕಿದ ಸೌದೆಯ ನಡುವೆ ಗಾಳಿ ಆಡುವುದಿಲ್ಲ. ಅದಕ್ಕಾಗಿ ಕೆಳಗಿನ ಕ್ರಮದಲ್ಲಿ ಒಟ್ಟಬೇಕು.

1. ಮರದ ನೆರಳಿಲ್ಲದ, ಗಾಳಿ ಬೀಸುವ, ನೀರು ನಿಲ್ಲದ ಜಾಗವನ್ನು ಆರಿಸಬೇಕು. ಕಣ ಅಥವಾ ಅಂಗಳದ ಅಂಚು ಉತ್ತಮ.

2. ನೆಲದಿಂದ ಆರೆಂಟು ಅಂಗುಲ ಎತ್ತರಕ್ಕೆ ಜಂಬಿಟ್ಟಿಗೆ ಕಲ್ಲುಗಳನ್ನಿಟ್ಟು, ಅವುಗಳ ಮೇಲೆ ಎರಡು ಸಾಲು ಗಳುಗಳನ್ನು ಹಾಸಬೇಕು. ಇದರಿಂದ ಗೆದ್ದಲು ಹತ್ತುವುದು ಕಡಿಮೆಯಾಗುತ್ತದೆ, ಅಡಿಯಿಂದ ಗಾಳಿಯೂ ಆಡುತ್ತದೆ.

3. ಒಟ್ಟಿಲಿನ ಅಗಲ ಒಂದು ತುಂಡಿನಷ್ಟೇ ಇರಬೇಕು. ಎರಡು ಸಾಲು ಒಟ್ಟುವುದಾದರೆ ನಡುವೆ ಒಂದು ಅಡಿ ಜಾಗ ಬಿಡಬೇಕು. ಗೋಡೆಗೆ ತಾಗಿಸಿ ಒಟ್ಟಬಾರದು.

4. ಎರಡೂ ತುದಿಗಳಲ್ಲಿ ತುಂಡುಗಳನ್ನು ಒಂದು ಸುತ್ತು ಉದ್ದಕ್ಕೆ, ಒಂದು ಸುತ್ತು ಅಡ್ಡಕ್ಕೆ ಇಟ್ಟು ಕಂಬದಂತೆ ಕಟ್ಟಿದರೆ ಒಟ್ಟಿಲು ಜಾರುವುದಿಲ್ಲ. ಎತ್ತರ ಐದು ಅಡಿ ಮೀರದಿರುವುದು ಒಳ್ಳೆಯದು.

5. ತೊಗಟೆ ಮೇಲ್ಮುಖವಾಗಿ ಬರುವಂತೆ ಇಟ್ಟರೆ ಇಬ್ಬನಿ ಮತ್ತು ಅಕಾಲದ ಮಳೆಯ ನೀರು ಜಾರಿ ಹೋಗುತ್ತದೆ.

6. ಮೇಲ್ಭಾಗಕ್ಕೆ ಮಾತ್ರ ಸೋಗೆ ಅಥವಾ ಹಳೆಯ ತಗಡು ಹೊದೆಸಬೇಕು. ಪ್ಲಾಸ್ಟಿಕ್ ಹಾಳೆಯನ್ನು ನೆಲದವರೆಗೆ ಸುತ್ತಿದರೆ ಮರದಿಂದ ಹೊರಟ ಆವಿ ಒಳಗೇ ನಿಂತು ಸೌದೆ ಬೂಷ್ಟು ಹಿಡಿಯುತ್ತದೆ.

ಎಷ್ಟು ಸೌದೆ ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ದಿನಕ್ಕೆ 8 ಕಿ.ಗ್ರಾಂ ಬಳಸುವ ಮನೆಗೆ ಮಳೆಗಾಲದ 120 ದಿನಗಳಿಗೆ 960 ಕಿ.ಗ್ರಾಂ ಒಣ ಸೌದೆ ಬೇಕಾಗುತ್ತದೆ. ಗಟ್ಟಿ ಮರದ ಸೀಳುಗಳಾದರೆ 10 ಅಡಿ ಉದ್ದ, 5 ಅಡಿ ಎತ್ತರ, 2 ಅಡಿ ಅಗಲದ ಒಂದು ಒಟ್ಟಿಲಿನಲ್ಲಿ ಸುಮಾರು ಇಷ್ಟು ಸೌದೆ ಇರುತ್ತದೆ. ಅಡಿಕೆ ಬೇಯಿಸುವ ಸೌದೆಯನ್ನು ಇದಕ್ಕೆ ಸೇರಿಸದೆ ಬೇರೆಯಾಗಿ ಲೆಕ್ಕ ಹಾಕಿ ಬೇರೆಯೇ ಒಟ್ಟಬೇಕು. ಇಲ್ಲವಾದರೆ ಶ್ರಾವಣದೊಳಗೆ ಅದು ಹಂಡೆ ಒಲೆಗೆ ಹೋಗಿ, ಕೊಯ್ಲಿನ ಹೊತ್ತಿಗೆ ಹಸಿ ಸೌದೆಯೇ ಗತಿಯಾಗುತ್ತದೆ. ಹಸಿ ಸೌದೆಯ ಉರಿ ಏರಿಳಿಯುವುದರಿಂದ ಹಂಡೆ ಒಂದೇ ಸಮನೆ ಕುದಿಯುವುದಿಲ್ಲ. ಒಂದು ಹಂಡೆ ಬೇಯುವ ಹೊತ್ತು ಹೆಚ್ಚಿ, ಸುಲಿದ ಅಡಿಕೆ ಕಾಯುತ್ತ ಕೂರಬೇಕಾಗುತ್ತದೆ.

ಮಾಡಿನ ಅಡಿಗೆ ಸೇರಿಸುವುದು

ಭರಣಿ ಮಳೆಯ ಒಂದೆರಡು ಹನಿಯಿಂದ ಒಟ್ಟಿಲಿಗೆ ಹೆಚ್ಚು ತೊಂದರೆಯಿಲ್ಲ. ಎರಡು ದಿನದ ಬಿಸಿಲಿಗೆ ಆರುತ್ತದೆ. ಆದರೆ ಮೇ 11ರ ಸುಮಾರಿಗೆ ಹುಟ್ಟುವ ಕೃತ್ತಿಕೆ ಮಳೆಯ ಒಳಗೆ ಎಲ್ಲ ಸೌದೆಯೂ ಕೊಟ್ಟಿಗೆ ಸೇರಬೇಕು. ಬಿಸಿಲಿದ್ದ ದಿನ ಮಧ್ಯಾಹ್ನದ ಮೇಲೆ ಸಾಗಿಸುವುದು ಒಳ್ಳೆಯದು.

ಸೌದೆ ಕೊಟ್ಟಿಗೆಗೆ ಮುಖ್ಯವಾಗಿ ಬೇಕಾದುದು ಉದ್ದನೆಯ ಇಳಿಮಾಡು. ಮಲೆನಾಡಿನ ಮಳೆ ಗಾಳಿಯೊಡನೆ ಅಡ್ಡಕ್ಕೆ ಬೀಳುವುದರಿಂದ ಪಶ್ಚಿಮ ಮತ್ತು ನೈರುತ್ಯ ದಿಕ್ಕಿಗೆ ಸೋಗೆಯ ತಟ್ಟಿ ಕಟ್ಟಬೇಕು. ಉಳಿದ ಕಡೆ ಗಾಳಿಗೆ ತೆರೆದಿರಬೇಕು. ಇರಚಲು ತಾಗಿದ ಸೌದೆಯನ್ನು ಬೇರ್ಪಡಿಸಿ ಮೊದಲು ಬಳಸಿ ಮುಗಿಸಬೇಕು. ಹಳೆಯ ಸೌದೆ ಮುಂದೆ, ಹೊಸದು ಹಿಂದೆ ಬರುವಂತೆ ಒಟ್ಟಬೇಕು. ಸೌದೆ ತೆಗೆಯುವಾಗ ಹಾವು, ಚೇಳು ಇರಬಹುದಾದ್ದರಿಂದ ಬೆಳಕಿಲ್ಲದೆ ಕೈ ಹಾಕಬಾರದು.

ಒಲೆಯ ಮೇಲಿನ ಅಟ್ಟ

ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಕಟ್ಟಿ ಸೌದೆ ಇಡುವ ಪದ್ಧತಿ ಇದೆ. ಇದು ವೈಜ್ಞಾನಿಕವಾಗಿಯೂ ಸರಿಯಾದದ್ದೇ. ಒಲೆಯ ಶಾಖದಿಂದ ಅಲ್ಲಿನ ಗಾಳಿಯ ತೇವ ಇಳಿಯುವುದರಿಂದ, ಮಳೆಗಾಲದಲ್ಲಿ ಸೌದೆ ಹೀರಿದ್ದ ತೇವ ಅಲ್ಲಿ ಬಿಟ್ಟುಹೋಗುತ್ತದೆ. ಒಂದು ವಾರಕ್ಕೆ ಬೇಕಾಗುವಷ್ಟನ್ನು ಅಟ್ಟದ ಮೇಲಿಟ್ಟು, ಬಳಸಿದಂತೆ ಕೊಟ್ಟಿಗೆಯಿಂದ ತುಂಬುತ್ತ ಹೋಗಬೇಕು. ಅಟ್ಟವು ಒಲೆಯ ಜ್ವಾಲೆಗೆ ನಿಲುಕದಷ್ಟು, ಕನಿಷ್ಠ ನಾಲ್ಕೈದು ಅಡಿ ಮೇಲಿರಬೇಕು. ಒಲೆಯ ಬಾಯಿಯ ಬಳಿ ಸೌದೆ ಒರಗಿಸಿಟ್ಟು ಮಲಗುವುದು ಅಪಾಯ.

ಒಣಗಿರುವುದನ್ನು ತಿಳಿಯುವ ಬಗೆ

ಒಣ ಸೌದೆಯ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಠಣ್ ಎಂಬ ಶಬ್ದ ಬರುತ್ತದೆ. ಹಸಿಯಾದರೆ ಮಂದ ಶಬ್ದ. ತುದಿಯಲ್ಲಿ ಬಿರುಕು, ಬಿಟ್ಟುಕೊಳ್ಳುವ ತೊಗಟೆ, ಮಾಸಿದ ಬಣ್ಣ ಇವೂ ಗುರುತುಗಳೇ. ಆದರೆ ಹೊರಗೆ ಬಿರುಕು ಬಿಟ್ಟ ತುಂಡು ಒಳಗೆ ಹಸಿಯಿರಬಹುದು. ಸಂದೇಹವಿದ್ದರೆ ಒಂದು ತುಂಡನ್ನು ಸೀಳಿ ಒಳಭಾಗವನ್ನು ಕೆನ್ನೆಗೆ ತಾಗಿಸಬೇಕು. ತಂಪೆನಿಸಿದರೆ ಇನ್ನೂ ತೇವವಿದೆ ಎಂದು ತಿಳಿಯಬೇಕು.

ಹೆಚ್ಚು ನಂಬಿಕೆಯ ವಿಧಾನ ತೂಕದ್ದು. ಒಟ್ಟುವ ದಿನವೇ ಮೂರು ನಾಲ್ಕು ಸೀಳುಗಳನ್ನು ತೂಗಿ, ಅವುಗಳ ಮೇಲೆ ತೂಕ ಬರೆದು, ಒಟ್ಟಿಲಿನ ನಡುವೆ ಕೈಗೆ ಸಿಗುವಂತೆ ಇಡಬೇಕು. ಹದಿನೈದು ದಿನಕ್ಕೊಮ್ಮೆ ತೂಗುತ್ತ ಹೋದರೆ ಮೊದಲು ತೂಕ ಬೇಗ ಇಳಿದು, ಆಮೇಲೆ ನಿಧಾನವಾಗುತ್ತದೆ. ಎರಡು ಸಲ ತೂಗಿದಾಗಲೂ ತೂಕ ಇಳಿಯದಿದ್ದರೆ ಸೌದೆ ಆ ಹವೆಗೆ ಒಣಗಬೇಕಾದಷ್ಟು ಒಣಗಿದೆ ಎಂದರ್ಥ.

ಮಂಗನ ಕಾಯಿಲೆಯ ಎಚ್ಚರ

ಸೌದೆ ಕೂಡಿಸುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ ಆಗಿರುವುದು ಈ ಭಾಗದ ದೊಡ್ಡ ತೊಂದರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ಮರಿ ಉಣುಗುಗಳು ನವೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿನ ತರಗೆಲೆಗಳಲ್ಲಿ ಹೆಚ್ಚಾಗಿರುತ್ತವೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನ ಹಳ್ಳಿಗಳಲ್ಲಿ ಹಲವರು ಇದರಿಂದ ಪ್ರಾಣ ಕಳೆದುಕೊಂಡರು.

ಆದ್ದರಿಂದ ಸಾಧ್ಯವಾದಷ್ಟೂ ಮನೆ ಸಮೀಪದ ಸ್ವಂತ ಜಮೀನಿನ ಮರಗಳನ್ನೇ ಸೌದೆಗೆ ಬಳಸಬೇಕು. ಮಂಗ ಸತ್ತಿರುವ ಸುದ್ದಿಯಿದ್ದ ಕಡೆ ಹೋಗದೆ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಲೇಬೇಕಾದಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿರೋಧಕ ಎಣ್ಣೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು, ಸೌದೆಯೊಡನೆ ಎಲೆ ಕಸವನ್ನು ಮನೆಗೆ ತರಬಾರದು. ಸೀಳುವ ಕೆಲಸವನ್ನು ಕಾಡಿನಲ್ಲಿ ಮಾಡದೆ ಅಂಗಳದಲ್ಲಿ ಮಾಡಬೇಕು. ಮನೆಗೆ ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರನ್ನು ಕಂಡು, ಕಾಡಿಗೆ ಹೋಗಿದ್ದ ವಿಷಯವನ್ನು ಹೇಳಬೇಕು.

ಒಣ ಸೌದೆಗೆ ತಕ್ಕ ಒಲೆ

ಮೂರು ಕಲ್ಲಿನ ಒಲೆಯಲ್ಲಿ ಹುಟ್ಟುವ ಶಾಖದ ಹತ್ತು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳಿಗೆ ಬಂದಿತು. ಮುಚ್ಚಿದ ಒಲೆ, ಅಡಿಯಲ್ಲಿ ಗಾಳಿಯಾಡುವ ಜಾಲರಿ, ಹೊಗೆ ಕೊಳವೆ ಇವು ಅದರ ಲಕ್ಷಣಗಳು. ಇಂಥ ಯಾವುದೇ ಸುಧಾರಿತ ಒಲೆಯೂ ಸಣ್ಣದಾಗಿ ಸೀಳಿದ ಒಣ ಸೌದೆಯನ್ನು ಬೇಡುತ್ತದೆ. ಹಸಿ ಸೌದೆ ತುರುಕಿದರೆ ಕೊಳವೆಯಲ್ಲಿ ಮಸಿ ಕಟ್ಟಿ ಹೊಗೆ ಮನೆಯೊಳಗೇ ತಿರುಗುತ್ತದೆ. ಹೊಸ ಒಲೆ ಹಾಕಿಸುವವರು ಅದಕ್ಕೂ ಮೊದಲು ಸೌದೆ ಒಣಗಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು.

ನೆನಪಿಡಬೇಕಾದ ಅಂಶಗಳು

ಡಿಸೆಂಬರ್–ಜನವರಿ: ಕಡಿಯುವುದು, ಸೊಪ್ಪು ಸಮೇತ ಬಾಡಲು ಬಿಡುವುದು.

ಜನವರಿ–ಫೆಬ್ರವರಿ: ತುಂಡರಿಸಿ ಸೀಳುವುದು, ಕಲ್ಲಿನ ಮೇಲೆ ಒಟ್ಟುವುದು, ಗುರುತಿನ ತುಂಡುಗಳನ್ನು ತೂಗಿಡುವುದು.

ಮಾರ್ಚ್–ಏಪ್ರಿಲ್: ಹದಿನೈದು ದಿನಕ್ಕೊಮ್ಮೆ ತೂಕ ನೋಡುವುದು, ಗೆದ್ದಲು ಕಂಡರೆ ಕೆಡವಿ ಮತ್ತೆ ಒಟ್ಟುವುದು, ಕೊಟ್ಟಿಗೆಯ ಮಾಡು ಮತ್ತು ತಟ್ಟಿ ದುರಸ್ತಿ.

ಮೇ ಮೊದಲ ವಾರ: ಕೊಟ್ಟಿಗೆಗೆ ಸಾಗಿಸುವುದು, ಅಡಿಕೆ ಸೌದೆಯನ್ನು ಬೇರ್ಪಡಿಸಿಡುವುದು.

ಜೂನ್‌ನಿಂದ: ಅಟ್ಟದಿಂದ ಬಳಕೆ, ವಾರಕ್ಕೊಮ್ಮೆ ಅಟ್ಟ ತುಂಬುವುದು.

ಅನುಕೂಲವಿದ್ದವರು ಒಂದು ವರ್ಷದ ಸೌದೆಯನ್ನು ಮುಂಗಡವಾಗಿ ಒಟ್ಟಿಟ್ಟುಕೊಂಡರೆ ಗಟ್ಟಿ ಮರಗಳಿಗೆ ಎರಡು ಬೇಸಿಗೆ ಸಿಗುತ್ತದೆ. ಒಂದು ವರ್ಷ ಮಳೆ ಬೇಗ ಹಿಡಿದರೂ ತೊಂದರೆಯಾಗುವುದಿಲ್ಲ. ಸೌದೆ ಒಣಗಿಸಲು ಹೊಸದಾಗಿ ಹಣ ಹಾಕಬೇಕಾಗಿಲ್ಲ. ಹೇಗೂ ಮಾಡಬೇಕಾದ ಕೆಲಸವನ್ನು ಸಕಾಲದಲ್ಲಿ ಮಾಡಿದರೆ ಸಾಕು. ಇದರಿಂದ ಕಡಿಮೆ ಮರ ಕಡಿದು ಅಷ್ಟೇ ನೀರು ಕಾಯಿಸಬಹುದು, ಕಾಡಿನ ಓಡಾಟ ಕಡಿಮೆಯಾಗುತ್ತದೆ, ಒಲೆಯ ಮುಂದೆ ಕೂರುವವರ ಕಣ್ಣು ಮತ್ತು ಎದೆಗೆ ಹೊಗೆಯ ಕಾಟ ತಪ್ಪುತ್ತದೆ.